ಎಮ್ಮಿಗುಂಡಿನ ಮೂರು ಗುಳಿ

ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಚಿಕ್ಕಂದಿನಲ್ಲಿ ಸುತ್ತಿಗೆ ಗುರಿ ತಪ್ಪಿ ಬಿದ್ದದ್ದಂತೆ. ಚಹಾದ ಲೋಟ ಹಿಡಿದರೆ ಮೊದಲು ಆ ಜೋಡಿ ಉಗುರೇ ಕಣ್ಣಿಗೆ ಬೀಳುತ್ತಿತ್ತು. ನನ್ನ ಶಾಲೆಯ ಹುಡುಗಿಯರು ಮುಸಿಮುಸಿ ನಕ್ಕರೆ, "ನಗ್ರಿ ನಗ್ರಿ, ನಿಮಗ ಒಂದ ಐತಿ, ನನಗ ಎರಡು ಅದಾವು" ಎನ್ನುತ್ತಿದ್ದರು.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹತ್ತಿರದ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಅವರು ಅದೇ ಊರಲ್ಲಿ ಕಲ್ಲು ಒಡೆಯುವವರು. ಊರಿಗೆಲ್ಲ ಚಾಚಾ, ನನಗೂ ಚಾಚಾ. ಊರ ಹಿಂದಿನ ಗುಡ್ಡದಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ದೊಡ್ಡ ಬಂಡೆ ಇತ್ತು, ಎಮ್ಮಿಗುಂಡು. ಭಾನುವಾರ ಬೆಳಿಗ್ಗೆ ಹುಡುಗಿಯರನ್ನು ಕರೆದೊಯ್ದು ಅದನ್ನು ಹತ್ತಿಸುತ್ತಿದ್ದೆ. ಶಾಲೆಯ ಮೈದಾನ ಹುಡುಗರ ಕ್ರಿಕೆಟ್ಟಿಗೇ ಸಾಲದು. ನಮ್ಮ ಹುಡುಗಿಯರಿಗೆ ಅಂತ ಇದ್ದದ್ದು ಆ ಬಂಡೆ ಒಂದೇ.

ಮೊದಲ ದಿನವೇ ಚಾಚಾ ಅಡ್ಡ ಬಂದಿದ್ದರು. ಬಂಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, "ಇಲ್ಲಿ ಕೈ ಹಾಕಬ್ಯಾಡ್ರಿ ಟೀಚರಮ್ಮಾ, ಒಳಗ ಪೊಳ್ಳು ಐತಿ" ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರು ಸುಮ್ಮನೆ ಸುತ್ತಿಗೆಯಿಂದ ಒಂದು ಏಟು ಹಾಕಿದರು. ಬಾಗಿಲಷ್ಟು ಅಗಲದ ಚಕ್ಕೆ ಕಳಚಿ ನನ್ನ ಕಾಲ ಬುಡಕ್ಕೇ ಬಿತ್ತು. ಆಮೇಲೆ ಅವರು ತಟ್ಟಿ ನೋಡದ ಕಡೆ ನಾವು ಕೈ ಇಟ್ಟದ್ದಿಲ್ಲ.

"ನಾವು ಕಲ್ಲು ಇಳಸಾಕ ಹುಟ್ಟೀವಿ, ನೀವು ಹತ್ತಾಕ ಹುಟ್ಟೀರಿ. ಏನ್ ಜೋಡಿರೀ ಇದು!" ಎಂದು ತಾವೇ ನಗುತ್ತಿದ್ದರು.

ಬಂಡೆ ಹತ್ತುವ ಜಾಗಗಳನ್ನೂ ಅಲ್ಲಿಗೆ ಹೋಗುವ ದಾರಿಗಳನ್ನೂ ಉಳಿಸಿಕೊಳ್ಳಲು ಅನುದಾನ ಕೊಡುವ ಸಂಸ್ಥೆಯೊಂದರ ವಿಷಯ ನನ್ನ ಕಿವಿಗೆ ಬಿತ್ತು. ಅರ್ಜಿ ತರಿಸಿಕೊಂಡೆ. ಅದರಲ್ಲಿ ಒಂದು ಕಲಂ: ಬಂಡೆಗೆ ಇರುವ ಅಪಾಯವೇನು, ಫೋಟೋ ಸಹಿತ ತಿಳಿಸಿ. ನಮ್ಮ ಎಮ್ಮಿಗುಂಡಿಗೆ ಏನಪ್ಪಾ ಅಪಾಯ ಎಂದು ಪೆನ್ನು ಕಚ್ಚುತ್ತಾ ಕೂತೆ.

ಮುಂದಿನ ಭಾನುವಾರ ಹೋದರೆ ಬಂಡೆಯ ಪಕ್ಕೆಯಲ್ಲಿ ಸಾಲಾಗಿ ಮೂರು ಗುಳಿ. ಬೆಣೆ ಇಟ್ಟು ಕಲ್ಲು ಸೀಳುವ ಮೊದಲು ಉಳಿಯಿಂದ ಕೊರೆಯುತ್ತಾರಲ್ಲ, ಅಂಥವು. ಕೊರೆದವರು ಚಾಚಾ ಎಂದು ಕುರಿ ಕಾಯುವವನು ಹೇಳಿದ.

ಅವರ ಮನೆ ಕೂಗಳತೆಯಲ್ಲಿತ್ತು. ಹೋಗಿ ಕೇಳಬಹುದಿತ್ತು. ಮನಸ್ಸಿಗೆ ನೋವಾಗಿ ಕೇಳಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಸುಳ್ಳು. ಆ ಗುಳಿಗಳು ನನಗೆ ಬೇಕಾಗಿದ್ದವು. ಫೋಟೋ ಹೊಡೆದೆ, ಅದರ ಮೇಲೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿದೆ, ಕೆಳಗೆ 'ಸ್ಥಳೀಯ ಕಲ್ಲು ಒಡೆಯುವವನಿಂದ ಆದ ಹಾನಿ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಅನುದಾನ ಬಂತು. ದಾರಿಯ ಜಾಲಿ ಕಡಿಸಿದೆವು, ಬಂಡೆಯ ಮುಂದೆ ಬೋರ್ಡು ನಿಲ್ಲಿಸಿದೆವು. 'ಹಾನಿ ಸರಿಪಡಿಸುವುದು' ಎಂಬ ಬಾಬತ್ತೂ ಇತ್ತು. ಕಲ್ಲುಪುಡಿ, ಸಿಮೆಂಟು ಕಲಸಿ ಗುಳಿಗಳನ್ನು ನಾನೇ ಮುಚ್ಚಿದೆ. ಎಲ್ಲಿದ್ದವು ಎಂದು ಹುಡುಕಿದರೂ ಸಿಗದ ಹಾಗೆ ನುಣ್ಣಗೆ ಮಾಡಿದೆ. ಆಹಾ, ಏನು ಹೆಮ್ಮೆ ನನಗೆ! ಚಾಚಾ ಆಗ ಕಣ್ಣಿನ ಆಪರೇಷನ್ನಿಗೆ ಹರಪನಹಳ್ಳಿಯ ಮಗಳ ಮನೆಗೆ ಹೋಗಿದ್ದರು.

ಹದಿನೈದು ದಿನ ಕಳೆದಿರಲಿಲ್ಲ, ಎಮ್ಮಿಗುಂಡು ಒಡೆಯುತ್ತಿದ್ದಾರೆ ಎಂದು ಹುಡುಗಿಯೊಬ್ಬಳು ಕ್ಲಾಸಿಗೇ ಓಡಿ ಬಂದಳು. ನಾನು ಹೋಗುವಷ್ಟರಲ್ಲಿ ಬಂಡೆ ನಾಲ್ಕು ಹೋಳಾಗಿತ್ತು. ಹಗರಿಬೊಮ್ಮನಹಳ್ಳಿ ಕಡೆಯ ಕಲ್ಲು ಒಡೆಯುವವರು. ಬಾಯಿಗೆ ಬಂದಂತೆ ಬೈದೆ. ಅವರ ಹಿರಿಯ ತಲೆವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

"ಗುರುತು ಇರಲಿಲ್ಲಲ್ರೀ ಅಮ್ಮಾ. ಮೂರು ಗುಳಿ ಹೊಡದಿದ್ರ ಅದು ಒಬ್ಬರು ಹಿಡದ ಕಲ್ಲು. ಅವರು ಒಡೀಲಿ ಬಿಡ್ಲಿ, ಇನ್ನೊಬ್ರು ಮುಟ್ಟಂಗಿಲ್ಲ. ನಮ್ಮಪ್ಪನ ಕಾಲದಿಂದ ಹಿಂಗ. ಸುತ್ತ ತಿರುಗಿ ನೋಡೇ ಬೆಣಿ ಇಟ್ವಿ."

"ಬೋರ್ಡ್ ಕಾಣಲಿಲ್ಲೇನು?"

"ಕಂಡ್ತು. ಇಂಗ್ಲಿಷ್‌ನಾಗ ಐತಿ."

ಹುಡುಗಿಯರ ಮುಖ ನೋಡಲಾಗಲಿಲ್ಲ.

ಚಾಚಾ ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದಾಗ ಹೋದೆ. ಗುಳಿ ಮುಚ್ಚಿದ್ದು ನಾನೇ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೆಣ್ಣುಮಕ್ಕಳು ಹತ್ತತಾವು, ನಾ ಊರಾಗ ಇಲ್ಲದಾಗ ಯಾರೂ ಮುಟ್ಟಬಾರದು ಅಂತ ಹೊಡದಿದ್ನಿ. ನಿಮಗ ಹೇಳಬೇಕಾಗಿತ್ತು ಟೀಚರಮ್ಮಾ. ತಪ್ಪು ನಂದ."

ಆಮೇಲೆ ಏನೋ ನೆನಪಾಗಿ ಅವರ ಮುಖ ಅರಳಿತು. "ನನ್ನ ಗುಳಿ ಫೋಟೋ ಹೊಡಕೊಂಡ್ರಂತಲ್ಲ, ಕುರಿಯಾವ ಹೇಳಿದ. ಯಾಕ್ರೀ?"

ನಿಜ ನಾಲಿಗೆಯ ತುದಿಗೆ ಬಂದಿತ್ತು.

"ನೆನಪಿಗಿರಲಿ ಅಂತ, ಚಾಚಾ" ಎಂದೆ.

"ಭಾಳ ಛಲೋ ಮಾಡಿದ್ರಿ. ಕಣ್ಣು ಮಬ್ಬಾಗಿದ್ವು, ಕೈ ಅಂದಾಜಿನಾಗ ಹೊಡದಿದ್ದು. ನೇರ ಬಂದಾವಿಲ್ಲೋ?"

"ನೂಲು ಹಿಡಿದಂಗ ಬಂದಾವು."

ಅವರು ತೀರಿಕೊಂಡದ್ದು ಆ ಮಳೆಗಾಲ ಮುಗಿಯುವ ಮೊದಲೇ. ಮಾತಾಡಿಸಲು ಹೋದಾಗ ಅವರ ಮಗಳು ನನ್ನ ಕೈ ಹಿಡಿದುಕೊಂಡಳು. "ನಮ್ಮ ಅಬ್ಬಾ ಜೀವನಪೂರ್ತಿ ಕಲ್ಲು ಹೊಡದ್ರು ಟೀಚರ್ರೇ, ಅವರ ಕೆಲಸದ್ದು ಒಂದು ಫೋಟೋ ಇಲ್ಲ. ನಿಮ್ಮ ಹತ್ರ ಐತಿ ಅಂತ ಎಲ್ಲರ ಮುಂದ ಹೇಳ್ಕೊಂಡು ತಿರುಗ್ತಿದ್ರು. ಕಟ್ಟು ಹಾಕಿಸಿ ಗ್ವಾಡಿಗೆ ಹಾಕ್ತೀವಿ, ಕಳಸ್ರಿ."

ಕಳಿಸುತ್ತೇನೆ ಎಂದೆ. ಮನೆಗೆ ಬಂದು ಹಳೆಯ ಫೋನು, ಶಾಲೆಯ ಕಂಪ್ಯೂಟರು ಎಲ್ಲ ಜಾಲಾಡಿದೆ. ಸಿಕ್ಕಿದ್ದು ಅರ್ಜಿಯ ನಕಲಿನಲ್ಲಿ ಅಂಟಿಸಿದ ಆ ಒಂದೇ ಪ್ರತಿ. ಗುಳಿಗಳ ಮೇಲೆ ನಾನು ಹಾಕಿದ ಕೆಂಪು ಸುತ್ತು, ಕೆಳಗೆ ನಾನು ಬರೆದ ಸಾಲು. ಆ ಮಗಳ ಮಗಳು ಅಜ್ಜನ ಮನೆಯಲ್ಲಿದ್ದು ನನ್ನ ಶಾಲೆಯಲ್ಲೇ ಕಲಿತವಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಓದಲು ಬರುತ್ತದೆ.