ಮೋತ್ಯಾನ ಊಟದಾಟ

ನಾಯಿ ಊಟ ಮಾಡುವುದನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ? ನೋಡುವಷ್ಟು ಹೊತ್ತು ಆ ಊಟ ನಡೆಯುವುದೇ ಇಲ್ಲ. ತಾಟು ನೆಲ ಮುಟ್ಟುವ ಮೊದಲೇ ಮೂತಿ ಒಳಗೆ. ಗಂಟಲು ಒಂದೆರಡು ಸಲ ಆಡಿತು, ಮುಗಿಯಿತು. ನಾವು ಉಣ್ಣುವಾಗ ಉಪ್ಪು ಕಡಿಮೆ ಎನ್ನುತ್ತೇವೆ, ಖಾರ ಹೆಚ್ಚು ಎನ್ನುತ್ತೇವೆ, ಓಣಿಯವರ ಸುದ್ದಿ ಆಡುತ್ತೇವೆ, ನಡುವೆ ಎದ್ದು ಒಂದು ಉಳ್ಳಾಗಡ್ಡಿ ಗುದ್ದಿಕೊಂಡು ಬರುತ್ತೇವೆ. ನಾಯಿಗೆ ಅದೇನೂ ಇಲ್ಲ. ಗಬಗಬ ನುಂಗಿ, ಉಳಿದ ಇಡೀ ದಿನ ಬಾಗಿಲಲ್ಲಿ ಬಿದ್ದುಕೊಂಡು ನೊಣ ಓಡಿಸಬೇಕು. ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ನಾಯಿಯ ಮನಸ್ಸಿನ ಬಗ್ಗೆ ಮಾತಾಡುವಷ್ಟು ತಿಳಿದವಳಲ್ಲ. ಆದರೆ ಒಂದು ನಾಯಿಯ ಊಟದಲ್ಲಿ ಕೈ ಹಾಕಿ ನಾನು ತೋರಿದ ಸಣ್ಣತನವನ್ನು ಹೇಳಲು ಅಷ್ಟು ಓದು ಸಾಕು.

ನಾಯಿ ನನ್ನದಲ್ಲ, ಅಕ್ಕನದು. ಹೆಸರು ಮೋತ್ಯಾ. ಸಂಶಿಗೆ ಹತ್ತಿರದ ನಮ್ಮ ಊರಿನಲ್ಲಿ ಅಕ್ಕನ ಮನೆಯೂ ನನ್ನ ಮನೆಯೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತವೆ. ನಾನು ಜೋಳದ ರೊಟ್ಟಿ ಬಡಿದು ಒಣಗಿಸಿ ಸಂಶಿಯ ಖಾನಾವಳಿಗೆ ಕೊಡುತ್ತೇನೆ. ಅಕ್ಕ ಇಡೀ ಊರಿಗೇ ಬೇಕಾದವಳು. ಅವ್ವ ಹೋದಮೇಲೆ ನನಗೆ ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳೂ ಅವಳೇ. ಯಾರ ಮನೆಯ ಕೂಸು ಅತ್ತರೂ ಜನ ನನ್ನ ಬಾಗಿಲಿಗೆ ಬಂದು, "ನಿಮ್ಮಕ್ಕ ಎಲ್ಲಿ ಅದಾಳ?" ಎಂದು ಕೇಳುತ್ತಾರೆ. ದಾರಿಯ ಬದಿಯಲ್ಲಿ ಊರಿನ ಹೆಸರು ಬರೆದು ನಿಲ್ಲಿಸಿದ ಕಲ್ಲಿರುತ್ತದಲ್ಲ, ನಾನು ಅದು. ಆ ಕಲ್ಲನ್ನು ನೋಡಲೆಂದು ಯಾರೂ ಬರುವುದಿಲ್ಲ.

ಮೋತ್ಯಾನಿಗೆ ಅಕ್ಕ ಉಣ್ಣಲಿಡುವುದು ಒಂದು ಪೂಜೆ. ರೊಟ್ಟಿ ಮುರಿದು, ಹಾಲು ಹಾಕಿ, ಒಂದು ಗಂಟೂ ಉಳಿಯದಂತೆ ಕಿವುಚಿ, ಎದುರಿಗೆ ಕೂತು ಉಣ್ಣಿಸುತ್ತಾಳೆ. ಅವನು ಉಂಡಮೇಲೆಯೇ ಅವಳ ಊಟ. ಮೂಕಪ್ರಾಣಿ ಹಸಿದಿರುವಾಗ ಮನೆಯವರು ಉಣ್ಣಬಾರದೆಂಬುದು ನಮ್ಮ ಮನೆತನದ ನಡೆ. ಮೊದಲು ಎತ್ತುಗಳಿಗೆ ಮೇವು ಹಾಕಿ ಉಣ್ಣುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಾಡಿಗೆಗೆ ಬರತೊಡಗಿದ ಮೇಲೆ ಆ ಮರ್ಯಾದೆ ಮೋತ್ಯಾನಿಗೆ ಬಂತು. ಟ್ರ್ಯಾಕ್ಟರಿಗೂ ಮೊದಲು ಡೀಸೆಲ್ ಕುಡಿಸಿ ಉಣ್ಣಬೇಕೇನು ಎಂದು ಕೇಳಿ ನಾನು ಬೈಸಿಕೊಂಡದ್ದುಂಟು.

ಈ ಸುಗ್ಗಿಯ ಹೊತ್ತಿಗೆ ಅಕ್ಕ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋದಳು. ಮೋತ್ಯಾ ನನ್ನ ಪಾಲಿಗೆ ಬಂದ. ಬಂದವನು ತಾಟು ಮೂಸಿಯೂ ನೋಡಲಿಲ್ಲ. ಅಕ್ಕ ದಿನಾ ಸಂಜೆ ಫೋನು ಮಾಡಿ, "ಉಂಡನೇನ ಮೋತ್ಯಾ?" ಎನ್ನುವಳು. "ಉಂಡ ಬೇ" ಎನ್ನುವೆ. ನಾನು ಉಂಡೆನೇ ಎಂದು ಅವಳು ಕೇಳುತ್ತಿರಲಿಲ್ಲ. ನಾನು ಉಣ್ಣದೆ ಇರುವವಳಲ್ಲ ಎಂಬುದು ಅವಳಿಗೆ ಗೊತ್ತು.

ಒಂದು ದಿನ ಸಿಟ್ಟು ಬಂದು ಒಡೆದ ರೊಟ್ಟಿಯೊಂದನ್ನು ಅಂಗಳದ ಹೊಟ್ಟಿನ ರಾಶಿಗೆ ಎಸೆದೆ. ಮೋತ್ಯಾ ಕಿವಿ ಎತ್ತಿದ. ಎದ್ದು ಹೋಗಿ ಹೊಟ್ಟು ಕೆದರಿದ, ಸೀನಿದ, ಮತ್ತೆ ಕೆದರಿದ. ಚೂರು ಸಿಕ್ಕಿದಾಗ ಬಾಲ ಬೀಸಿದ ರೀತಿ ನೋಡಿದರೆ ಅದು ನಾನು ಎಸೆದದ್ದಲ್ಲ, ಅವನೇ ಬೆಳೆದದ್ದು ಅನ್ನಬೇಕು.

ಅಲ್ಲಿಂದ ನಮ್ಮ ಆಟ ಶುರುವಾಯಿತು. ಗೋವಿನಜೋಳದ ತೆನೆಯ ಒಣ ಸಿಪ್ಪೆಯಲ್ಲಿ ಚೂರು ಸುತ್ತಿಡುವುದು, ಹಳೆಯ ಜಮಖಾನೆಯ ಮಡಿಕೆಯಲ್ಲಿ ತುರುಕುವುದು, ಬುಟ್ಟಿ ಬೋರಲು ಹಾಕಿ ಅದರಡಿ ಇಡುವುದು. ಪಟ್ಟಣದಲ್ಲಿ ಇದಕ್ಕೆಂದೇ ತೂತಿನ ರಬ್ಬರ್ ಚೆಂಡು ಮಾರುತ್ತಾರಂತೆ. ನಾಯಿ ಅದನ್ನು ಉರುಳಿಸಿದಂತೆ ಒಳಗಿನ ತಿನಿಸು ಒಂದೊಂದೇ ಉದುರುತ್ತದೆ. ಮೊಬೈಲಿನಲ್ಲಿ ನೋಡಿದೆ. ನಮ್ಮ ಮನೆಯಲ್ಲಿ ತೂತು ಬಿದ್ದ ಸಾಮಾನಿಗೆ ಕೊರತೆ ಇಲ್ಲವಾದ್ದರಿಂದ ಚೆಂಡು ಬೇಕೆನಿಸಲಿಲ್ಲ. ಯೋಚಿಸಿದರೆ ಇದರಲ್ಲಿ ಹೊಸದೇನಿದೆ? ಕೋಳಿಯ ಮುಂದೆ ಕಾಳು ಸುರಿಯಿರಿ, ನಾಲ್ಕು ಕಾಳು ಕುಕ್ಕಿ ತಿಪ್ಪೆ ಕೆದರಲು ಹೋಗುತ್ತದೆ. ನಮಗಾದರೂ ಸುಲಿದಿಟ್ಟ ಶೇಂಗಾಕ್ಕಿಂತ ಹರಟೆ ಹೊಡೆಯುತ್ತ ಸುಲಿದುಕೊಂಡು ತಿನ್ನುವ ಶೇಂಗಾ ರುಚಿ. ಕೈಗೆ ಸ್ವಲ್ಪ ಕೆಲಸ, ಸಿಕ್ಕೀತೋ ಇಲ್ಲವೋ ಎಂಬ ಸ್ವಲ್ಪ ಅನುಮಾನ. ಹಸಿವೆಗೆ ಇವೆರಡೇ ಒಗ್ಗರಣೆ. ಮೋತ್ಯಾ ಮೈತುಂಬಿಕೊಂಡ. ನಾನು ಬಡಿಯುವ ರೊಟ್ಟಿಗಳು ಅದೇಕೋ ಹೆಚ್ಚಾಗಿ ಒಡೆಯತೊಡಗಿದವು.

ಅಕ್ಕ ತಿರುಗಿ ಬಂದಳು. ಮೋತ್ಯಾ ಅವಳ ಸುತ್ತ ಕುಣಿದ, ಸೀರೆಗೆಲ್ಲ ಮಣ್ಣು ಮಾಡಿದ. ಅವಳು ಕಾಲು ತೊಳೆದವಳೇ ರೊಟ್ಟಿ ಕಿವುಚಿ ತಾಟು ಇಟ್ಟಳು. ಅವನು ತಾಟು ನೋಡಿದ. ಆಮೇಲೆ ಅವಳ ಭುಜದ ಮೇಲಿಂದ ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ. ಆಟ ಯಾವಾಗ ಶುರು ಎಂದು ಕೇಳುತ್ತಿದ್ದ.

"ಯಾಕೋ ಮೋತ್ಯಾ, ಸಿಟ್ಟೇನೋ ನನ್ನ ಮ್ಯಾಲೆ?" ಎಂದಳು ಅಕ್ಕ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಅಕ್ಕನನ್ನು ದಾಟಿ ನನ್ನನ್ನು ನೋಡಿದ ಮೊದಲ ಪ್ರಾಣಿ ಅದು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಅಕ್ಕ ಅದು ಕೆಟ್ಟ ದೃಷ್ಟಿಯೇ ಎಂದು ತೀರ್ಮಾನಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮೋತ್ಯಾ, ಅಕ್ಕ, ನಾನು ಮೂವರೂ ಸೀನಿದೆವು. "ಹೋತ ನೋಡ ದೃಷ್ಟಿ" ಎಂದಳು. ತಾಟು ಮಾತ್ರ ತುಂಬಿದಂತೆಯೇ ಇತ್ತು. ಅವನು ಉಣ್ಣದ್ದರಿಂದ ಅವಳೂ ಉಣ್ಣಲಿಲ್ಲ. ಚಹಾ ಕುಡಿದು ಮಲಗಿದಳು. ಅವಳು ಒಳಗೆ ಹೋದಮೇಲೆ ನಾನು ಹಿತ್ತಲಲ್ಲಿ ಚೂರು ಅಡಗಿಸಿಟ್ಟು ಅವನ ಹೊಟ್ಟೆ ತುಂಬಿಸಿದೆ, ನನ್ನದನ್ನೂ ತುಂಬಿಸಿಕೊಂಡೆ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಅಕ್ಕನ ಮುಖ ಒಣಗುತ್ತಿತ್ತು. ನನ್ನ ನಾಳೆ ಬರುತ್ತಲೇ ಇರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅಕ್ಕ ಅವನ ತಾಟು ತೊಳೆದು ತಂದು ನನ್ನ ಹೊಸ್ತಿಲ ಮೇಲೆ ಇಟ್ಟಳು.

"ನೀನ ಇಟ್ಕೋ ಇವನ್ನ. ನಿನ್ನ ಹಚ್ಚಿಕೊಂಡಾನ. ನಾ ಇಲ್ಲದಾಗ ಛಲೋ ನೋಡ್ಕೊಂಡಿ ನೀ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೊಗಳಿಬಿಟ್ಟಳು. ಅದನ್ನು ನುಂಗುವುದು ನನ್ನಿಂದಾಗಲಿಲ್ಲ.

"ಅಕ್ಕಾ, ಅಂವಾ ನಿನ್ನ ಮರ್ತಿಲ್ಲ ಬೇ. ಅಂವಗ ತಾಟಿನಾಗ ಉಣ್ಣೂದು ಬ್ಯಾಸರಾಗೇತಿ. ರೊಟ್ಟಿ ಹುಡುಕಿ ತಿನ್ನೂದು ನಾನ ಕಲಿಸೇನಿ. ದಿನಾ ಹಿತ್ತಲದಾಗ ಉಣ್ಣಾಕತ್ತಾನ."

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಷ್ಟ ದಿನ ನಾ ಉಪಾಸ ಕುಂತಿದ್ನಲ್ಲಲೇ, ಆವಾಗ ನಿನ್ನ ಬಾಯಾಗ ಏನಿತ್ತ?"

"ರೊಟ್ಟಿ ಇತ್ತ ಬೇ" ಎಂದೆ. ನಿಜವನ್ನೇ ಹೇಳಿದೆ.

ಅವಳು ಕೈಗೆ ಸಿಕ್ಕ, ಕಾಳು ಕೇರುವ ಮೊರ ಎತ್ತಿದಳು. ಅದರಲ್ಲಿದ್ದ ಜೋಳ ನನ್ನ ತಲೆಯ ಮೇಲೆ ಸುರಿಯಿತು. ಮೊರ ಮಾತ್ರ ಬೀಳಲಿಲ್ಲ. "ಹಸದ ಪ್ರಾಣಿನ ಆಟ ಆಡಸ್ತಾರೇನ, ಬುದ್ಧಿಗೇಡಿ" ಎಂದಳು. ಆಮೇಲೆ ಮೊರ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದಳು: "ಹ್ಯಾಂಗ ಆಡಸ್ತಿ? ತೋರಸ."

ಅಡಗಿಸುವ ಕಲೆ ನನ್ನಕ್ಕನಿಗೆ ಸ್ವಲ್ಪವೂ ಇಲ್ಲ. ಅಂಗಳದ ನಟ್ಟನಡುವೆ, ಮೋತ್ಯಾ ನೋಡುತ್ತಿದ್ದಂತೆಯೇ, ರೊಟ್ಟಿ ಇಟ್ಟು ಬುಟ್ಟಿ ಬೋರಲು ಹಾಕಿದಳು. ಸಾಲದ್ದಕ್ಕೆ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತ ಬುಟ್ಟಿಯನ್ನೇ ದಿಟ್ಟಿಸುತ್ತ ನಿಂತಳು. ಅವಳು ಆಟ ಆಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೋತ್ಯಾ ಬುಟ್ಟಿ ನೋಡಿದ, ಅವಳ ಮುಖ ನೋಡಿದ. ಎದ್ದು ಕಟ್ಟಿಗೆಯ ಒಟ್ಟಿಲಿನ ಕಡೆ ಹೋಗಿ ಮೂಸಿದ. ನನ್ನ ಹೊಸ್ತಿಲಿಗೆ ಬಂದು ಮೂಸಿದ. ತುಳಸಿಕಟ್ಟೆಯನ್ನೊಂದು ಸುತ್ತು ಹಾಕಿದ. ಕಡೆಗೆ ಬುಟ್ಟಿಯ ಹತ್ತಿರ ಬಂದು ಮೂತಿಯಿಂದ ಅದನ್ನು ಉರುಳಿಸಿದ.

"ಹುಡಿಕಿದಾ! ನೋಡಲೇ, ಎಷ್ಟ ಶಾಣ್ಯಾ ಅದಾನ!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಉಣ್ಣಲು ಒಳಗೆ ಹೋದಳು.

ಅಂಗಳವೆಲ್ಲ ಅವನು ಬೇಕೆಂದೇ ಸುತ್ತಿದನೋ, ರೂಢಿಯಿಂದ ಸುತ್ತಿದನೋ, ತಿಳಿದವರು ಹೇಳಲಿ. ಎಲ್ಲ ಗೊತ್ತಿದ್ದೂ ಅಕ್ಕನ ಸಂತೋಷಕ್ಕೆಂದು ನಾಲ್ಕು ಹೆಜ್ಜೆ ಹೆಚ್ಚು ನಡೆದನೆಂದೇ ನನ್ನ ನಂಬಿಕೆ. ಎಲ್ಲ ಗೊತ್ತಿದ್ದ ಇನ್ನೊಂದು ಜೀವವೂ ಅದೇ ಅಂಗಳದಲ್ಲಿತ್ತು. ಅದು ಅಕ್ಕ ಉಪವಾಸವಿದ್ದ ಅಷ್ಟೂ ದಿನ ಕೂತಲ್ಲೇ ಕೂತು ಉಂಡಿತ್ತು.