ಟವೆಲ್ಲಿನ ಕೆಳಗಿನ ಕೈ

ದನದ ಸಂತೆಯಲ್ಲಿ ನಾವು ದಲ್ಲಾಳಿಗಳು ಬಾಯಿಬಿಟ್ಟು ದರ ಹೇಳುವುದಿಲ್ಲ. ಕೈ ಮೇಲೆ ಟವೆಲ್ಲು ಹಾಕಿ, ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತೇವೆ. ಎಷ್ಟು ಬೆರಳು ಹಿಡಿದರೆಂಬುದೇ ದರ. ಮುಂಡರಗಿ, ಲಕ್ಷ್ಮೇಶ್ವರದ ಕಡೆ ನನ್ನ ಹೊಟ್ಟೆ ಹೊರೆದದ್ದು ಈ ಬಲಗೈ. ಈಚೆಗೆ ಅದಕ್ಕೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಒಂದು ಸಂತೆಯಲ್ಲಿ ಮೂರು ಬೆರಳು ಹಿಡಿದದ್ದನ್ನು ಎರಡೆಂದು ತಿಳಿದೆ. ಎತ್ತಿನ ಯಜಮಾನ ಸಿಟ್ಟಿಗೆದ್ದು ನನ್ನ ಕೈಯಿಂದ ಹಗ್ಗ ಕಸಿದುಕೊಂಡು ಹೋದ.

ಹೆಂಡತಿ ಬೆನ್ನು ಬಿದ್ದಳು. “ಗದಗಕ್ಕ ನಡೀರಿ, ಡಾಕ್ಟರ್ ಏನಂತಾರ ಕೇಳೂಣು.” ಬಸ್ಸಿನಲ್ಲಿ ನಿಂತು, ಆಸ್ಪತ್ರೆಯಲ್ಲಿ ಕೂತು ಸಾಕಾಗಿಹೋಯಿತು.

ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, “ಯಾವ ಬೆರಳು ಮುಟ್ಟೇನಿ ಹೇಳ್ರಿ” ಎಂದರು. ಬೆರಳಿಗೆ ಏನೂ ತಿಳಿಯಲಿಲ್ಲ. ಆದರೆ ಅವರ ಅಂಗಿಯ ತೋಳು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಅದು ಸರಿದ ದಿಕ್ಕು ಹಿಡಿದು ಹೇಳುತ್ತ ಹೋದೆ, ಎಲ್ಲ ಸರಿಯಾಯಿತು. ಎದುರಿನವನ ಅಂದಾಜು ಹಿಡಿದೇ ಬಾಳಿದವನು ನಾನು, ಡಾಕ್ಟರು ಯಾವ ಲೆಕ್ಕ. ಹೆಂಡತಿ ಹಿಗ್ಗಿದಳು.

ನರ ಪರೀಕ್ಷೆಯ ಮಿಷಿನ್ನಿನ ಮುಂದೆ ಈ ಆಟ ನಡೆಯಲಿಲ್ಲ. ಬೆರಳಿಗೆ ವೈರು ಸುತ್ತಿ ಕರೆಂಟು ಕೊಡುವ ಹುಡುಗಿ, “ಕೈ ಸಡಲ ಬಿಡ್ರಿ ಅಜ್ಜಾರ” ಎನ್ನುತ್ತಲೇ ಇದ್ದಳು. ಎಡಗೈಯ ಗೆರೆ ಪರದೆಯ ಮೇಲೆ ಏರಿ ಇಳಿಯಿತು. ಬಲಗೈಯದು ನೆಟ್ಟಗೆ ಹೋಯಿತು. ಕರೆಂಟು ಹೆಚ್ಚಿಸಿದರೂ ಅಷ್ಟೇ. ಅದನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

“ಮಣಿಕಟ್ಟಿನ್ಯಾಗ ನರ ಒತ್ತೇತಿ. ಆಪರೇಶನ್ ಮಾಡಿದ್ರ ಹೆಬ್ಬೆರಳಿನ ಶಕ್ತಿ ಉಳೀತೈತಿ,” ಎಂದರು ಡಾಕ್ಟರು. “ಮುಟ್ಟಿದ್ದು ಮೊದಲಿನಂಗ ತಿಳಿತೈತಿ ಅಂತ ಮಾತ್ರ ಹೇಳಾಕ ಆಗೂದಿಲ್ರಿ.”

ಒಪ್ಪಿ ಬಂದೆ. ಆಪರೇಶನ್ನಿಗೆ ಮೊದಲು ಒಂದು ಸಂತೆ ಇತ್ತು, ಮನಸ್ಸು ತಡೆಯದೆ ಹೋದೆ. ಬಹಳ ವರ್ಷದಿಂದ ನನ್ನ ಕೈಯಿಂದಲೇ ಎತ್ತು ಕೊಳ್ಳುವ, ಲಕ್ಷ್ಮೇಶ್ವರದ ಹತ್ತಿರದ ಮಾಗಡಿಯ ರೈತ ಟವೆಲ್ಲಿನೊಳಗೆ ಕೈ ಇಟ್ಟ. ಹಿಡಿದನೋ ಬಿಟ್ಟನೋ ತಿಳಿಯದೆ ನಾನು ಅವನ ಮುಖವನ್ನೇ ನೋಡಿದೆ. ಅವನಿಗೆ ಅರ್ಥವಾಯಿತು. ಮೆಲ್ಲಗೆ ಟವೆಲ್ಲು ತೆಗೆದು ನನ್ನ ಹೆಗಲಿಗೆ ಹಾಕಿ, ತಾನು ಕೊಡುವ ದರವನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ.

ಸುತ್ತ ನಿಂತ ದಲ್ಲಾಳಿಗಳು ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬರುತ್ತಿದ್ದೆ.