ಎರಡನೇ ತಿರುವಿನ ಗ್ಲೆನಿಸ್

ಬೆಳಗಿನ ಐದೂವರೆ. ಮಳೆ ನಿಂತು ಒಂದು ಗಂಟೆಯಾಗಿದೆ ಅಷ್ಟೆ. ಆಲ್ಡರ್‌ಶಾದ ಸ್ಪೀಡ್‌ವೇ ಬೈಕ್ ರೇಸಿನ ಮೈದಾನದ ಎರಡನೇ ತಿರುವಿನಲ್ಲಿ ಗ್ಲೆನಿಸ್ ಆಕ್‌ರಾಯ್ಡ್ ಬಗ್ಗಿ ಒಂದು ಹಿಡಿ ಕೆಂಪು ಮಣ್ಣು ಎತ್ತಿಕೊಂಡು ಮುಷ್ಟಿ ಬಿಗಿಯುತ್ತಾರೆ. ಬೆರಳ ಸಂದಿಯಿಂದ ನೀರು ಜಿನುಗಿ ಮೊಣಕೈವರೆಗೆ ಇಳಿಯುತ್ತದೆ. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಉಂಡೆ ನಿಲ್ಲಬೇಕು, ಹೆಬ್ಬೆರಳಿಂದ ಒತ್ತಿದರೆ ಒಡೆಯಬೇಕು. ಅದು ಸರಿಯಾದ ಹದ. ಇವತ್ತು ಉಂಡೆಯೂ ಇಲ್ಲ, ಹದವೂ ಇಲ್ಲ.

“ಗಂಜಿ. ಅಪ್ಪಟ ಗಂಜಿ. ಚಮಚ ಇದ್ರೆ ಕುಡೀಬಹುದು” ಎನ್ನುತ್ತಾರೆ.

ಆಚೆ ಟ್ರ್ಯಾಕ್ಟರಿನ ಮೇಲೆ ಕೂತಿರುವವರು ಅವರ ಮೈದುನ ನೆವಿಲ್. “ಗ್ಲೆನ್, ಬಿಟ್ಟಾಕು. ಮನೆಗೆ ಹೋಗಿ ಮಲ್ಕೊಳೋಣ” ಎಂದು ಆಕಳಿಸುತ್ತಾರೆ.

“ನೀನು ಮಲ್ಕೊ. ಆದ್ರೆ ಆ ಟ್ರ್ಯಾಕ್ಟರ್ ನನ್ನ ತಿರುವಿಗೆ ತಂದು ಹೂತ್ಹಾಕಿದ್ರೆ ನಿನ್ನ ಕಾಲು ಮುರೀತೀನಿ.”

ಇವತ್ತು ಗುಡ್ ಫ್ರೈಡೇ. ಬೆಳಗ್ಗೆ ಹನ್ನೊಂದಕ್ಕೆ ನಮ್ಮ ಕೊಕ್ಕರೆಗಳಿಗೂ ಹನ್ನೆರಡು ಮೈಲಿ ಆಚೆಯ ಹ್ಯಾಲ್‌ಬ್ರೂಕಿನ ಟಗರುಗಳಿಗೂ ಪಂದ್ಯ. ಎರಡೂ ತಂಡಗಳ ಹೆಸರು ಇಂಗ್ಲಿಷಿನಲ್ಲಿ ಸ್ವಲ್ಪ ಗತ್ತಾಗಿಯೇ ಕೇಳಿಸುತ್ತದೆ. ಆದರೆ ಸವಾರರ ಎದೆಯ ಮೇಲೆ ಇರುವುದು ಅವೇ ಪ್ರಾಣಿಗಳಾದ್ದರಿಂದ ನಾನು ಹೀಗೇ ಕರೆಯುವುದು. ಅರವತ್ತು ವರ್ಷಕ್ಕೂ ಮೇಲಿನ ರೂಢಿ ಇದು. ಕಳೆದ ಎರಡು ವರ್ಷ ಮಳೆ ಇದನ್ನು ನುಂಗಿ ನೀರು ಕುಡಿದಿದೆ. ಮೈದಾನದ ಮಾಲೀಕರು ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಮೂರನೇ ವರ್ಷವೂ ಪಂದ್ಯ ನಡೆಯದಿದ್ದರೆ, ಮುಂದಿನ ವರ್ಷದಿಂದ ಗುಡ್ ಫ್ರೈಡೇ ಹಳೇ ಕಾರುಗಳನ್ನು ಗುದ್ದಿಸುವ ಆಟದವರಿಗೆ. ಒಂಬತ್ತು ಗಂಟೆಗೆ ರೆಫರಿ ಬಂದು ಮಣ್ಣು ಪರೀಕ್ಷಿಸುತ್ತಾರೆ. ಮೂರು ತಿರುವುಗಳು ಪರವಾಗಿಲ್ಲ. ನೀರು ನಿಂತಿರುವುದು ಎರಡನೆಯದರಲ್ಲಿ ಮಾತ್ರ. ಅದು ಗ್ಲೆನಿಸ್ ಅವರ ತಿರುವು.

“ನನ್ನ ಮೂಲೆಯಿಂದ ಪಂದ್ಯ ನಿಲ್ಲೋದಾ? ಟೆಡ್ ಮೇಲಿಂದ ಇಳಿದು ಬಂದು ಒದೀತಾನೆ ನನ್ನ” ಎಂದು ಉದ್ದ ಹಿಡಿಯ ಹಲುಬೆ ಕೈಗೆತ್ತಿಕೊಳ್ಳುತ್ತಾರೆ. ನಮ್ಮ ಕಡೆ ಕಣದಲ್ಲಿ ಕಾಳು ಎಳೆಯುವ ಹಲುಬೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಟೆಡ್ ಅವರ ಗಂಡ. ತೀರಿಕೊಂಡು ಹನ್ನೊಂದು ವರ್ಷ. ಈ ತಿರುವು ಮೊದಲು ಅವರದಾಗಿತ್ತು.

ಸ್ಪೀಡ್‌ವೇ ಅಂದರೆ ಇಷ್ಟೇ: ಬ್ರೇಕೇ ಇಲ್ಲದ ಬೈಕುಗಳು, ನಾಲ್ಕು ಸವಾರರು, ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ತಿರುವಿನಲ್ಲಿ ಬೈಕನ್ನು ಅಡ್ಡಡ್ಡ ಜಾರಿಸಿಯೇ ಹೋಗಬೇಕು. ಹಿಂದಿನ ಚಕ್ರ ಮಣ್ಣನ್ನು ಬಾಚಿ ಬಾಚಿ ಬೇಲಿಗೆ ಎರಚುತ್ತದೆ. ರೇಸ್ ಮುಗಿದು ಮುಂದಿನದು ಶುರುವಾಗುವುದಕ್ಕೆ ಮೂರು ನಿಮಿಷವೂ ಸಿಗುವುದಿಲ್ಲ. ಅಷ್ಟರಲ್ಲಿ ಆ ಮಣ್ಣನ್ನು ಎಳೆದು ತಂದು ಗುಂಡಿ ಮುಚ್ಚಿ ಮಟ್ಟ ಮಾಡುವವರು ಬೇಕು. ಒಂದು ಪಂದ್ಯಕ್ಕೆ ಹದಿನೈದು ರೇಸು, ವರ್ಷಕ್ಕೆ ಇಪ್ಪತ್ತೆಂಟೋ ಮೂವತ್ತೋ ಪಂದ್ಯ. ಎಪ್ಪತ್ತನಾಲ್ಕು ವಯಸ್ಸಿನ ಗ್ಲೆನಿಸ್ ಈ ಕೆಲಸಕ್ಕೆ ನಿಂತು ನಲವತ್ತೈದು ವರ್ಷವಾಯಿತು. ಸವಾರರ ಹೆಸರು ಮಕ್ಕಳಿಗೂ ಬಾಯಿಪಾಠ. ಮಣ್ಣು ಎಳೆಯುವವರ ಹೆಸರು ಯಾವ ಕಾರ್ಯಕ್ರಮ ಪುಸ್ತಕದಲ್ಲೂ ಅಚ್ಚಾಗಿಲ್ಲ.

ನಾನು ಈ ಊರಿಗೆ ಬಂದ ವರ್ಷ, ಅಂದರೆ ಇಪ್ಪತ್ತೆರಡು ವರ್ಷದ ಹಿಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇದೇ ತಿರುವಿನ ಬೇಲಿಗೆ ಒರಗಿ ನಿಂತಿದ್ದೆ. ಮೊದಲ ರೇಸಿಗೇ ತಲೆಯಿಂದ ಸೊಂಟದವರೆಗೆ ಕೆಂಪಾದೆ. ಮೈದಾನದೊಳಗಿಂದ ಒಬ್ಬ ಹೆಂಗಸು ಕೂಗಿದ್ದರು: “ಬಿಳಿ ಅಂಗೀಲಿ ಅಲ್ಲಿ ಯಾರು ನಿಲ್ತಾರೆ ಚಿನ್ನ? ಮದುವೆಗೆ ಬಂದ್ಯಾ?” ಅವತ್ತಿನಿಂದ ನಮ್ಮ ಸ್ನೇಹ.

ಗ್ಲೆನಿಸ್ ಮೊದಲ ಸಲ ಇಲ್ಲಿಗೆ ಬಂದದ್ದು ಎಂಟನೇ ವಯಸ್ಸಿನಲ್ಲಿ, ಅಪ್ಪನ ಹೆಗಲ ಮೇಲೆ ಕೂತು. ಬಿಸ್ಕತ್ತು ಕಾರ್ಖಾನೆಯ ಪಾಳಿ ಮುಗಿಸಿದವರು ಹಾಗೇ ಟೋಪಿ ಹಾಕಿಕೊಂಡು ಬರುತ್ತಿದ್ದರಂತೆ. ಎಲ್ಲರ ಕೊರಳಲ್ಲೂ ಕಿತ್ತಳೆ ಬಣ್ಣದ ಮಫ್ಲರು, ಕೈಯಲ್ಲಿ ಗಿರಗಿರ ತಿರುಗಿಸಿ ಸದ್ದು ಮಾಡುವ ಮರದ ಗಿಲಕಿ.

“ಇಂಜಿನ್ನಿಗೆ ಆಗ ಹರಳೆಣ್ಣೆ ಹಾಕೋರು. ಅದು ಸುಟ್ಟ ವಾಸನೆ ಇದೆಯಲ್ಲ, ಆಹಾ! ಅಮ್ಮ ಮನೇಲಿ ಅದೇ ಹರಳೆಣ್ಣೆ ಕುಡಿಸೋಕೆ ಬಂದ್ರೆ ಬೀದಿಯೆಲ್ಲ ಅವಳನ್ನ ಓಡಾಡಿಸ್ತಿದ್ದೆ. ಇಲ್ಲಿ ಬಂದು ಮೂಗು ಅರಳಿಸಿ ಅರಳಿಸಿ ಎಳ್ಕೊಳ್ತಿದ್ದೆ. ವಾರಕ್ಕೊಂದು ಸಲ ತಲೆಗೆ ನೀರು ಹಾಕೋದು ಆಗ. ಅಮ್ಮ ಬಾಚಣಿಗೆ ಹಾಕಿದ್ರೆ ಕೆಂಪು ಮಣ್ಣು ಸುರಿಯೋದು. ‘ನಿಮ್ಮಪ್ಪ ನಿನ್ನ ಕರ್ಕೊಂಡ್ಹೋಗೋದು ಆಟಕ್ಕೋ ಗಣಿಗೋ’ ಅನ್ನೋಳು.”

ಪ್ರತಿ ರೇಸಿನ ನಂತರ ಕಾರ್ಯಕ್ರಮ ಪುಸ್ತಕದ ಚೌಕಗಳಲ್ಲಿ ಪೆನ್ಸಿಲಿನಿಂದ ಅಂಕ ತುಂಬುವುದು ಇಲ್ಲಿಯ ಎಲ್ಲ ಅಭಿಮಾನಿಗಳ ವ್ರತ. ಗೆದ್ದವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಗ್ಲೆನಿಸ್ ಅಂಕಿ ಕಲಿತದ್ದೇ ಹಾಗೆ. ಶಾಲೆಯಲ್ಲಿ ಮೇಷ್ಟ್ರು ಆರರ ಮಗ್ಗಿ ಕೇಳಿದರೆ ಮೂರು ಎರಡು ಒಂದು ಕೂಡಿಸಿ ಹೇಳುತ್ತಿದ್ದರಂತೆ.

ಆಗಿನ ನಾಯಕ ಲೆನ್ ಹಾರ್ಕರ್. ವಾರವೆಲ್ಲ ಊರಿನ ಕೊಳಾಯಿ ರಿಪೇರಿ ಮಾಡುತ್ತಿದ್ದ ಲೆನ್ ಶನಿವಾರ ಬೈಕ್ ಹತ್ತಿದರೆ ಬೇಲಿಗೆ ಒಂದು ಗೇಣು ಬಿಟ್ಟು ನುಗ್ಗುತ್ತಿದ್ದನಂತೆ. ಹದಿನೈದರ ಗ್ಲೆನಿಸ್ ಮನೆಯ ಅಡುಗೆಮನೆ ನಲ್ಲಿಯನ್ನು ತಾವೇ ಸಡಿಲ ಮಾಡಿದ್ದುಂಟು. “ಅಪ್ಪಂಗೆ ಗೊತ್ತಾಯ್ತು. ಆದ್ರೆ ಬೈಲಿಲ್ಲ ಕಣೋ. ಲೆನ್ ಬಂದಾಗ ಅವರೇ ಮುಂದೆ ನಿಂತು ಟೀ ಮಾಡಿಕೊಟ್ರು. ನಾನು ಬಾಗಿಲ ಹಿಂದೆ ನಿಂತು ಬರೀ ಅವನ ಬೂಟು ನೋಡಿದೆ. ಆಮೇಲೆ ಎರಡು ವಾರ ಬಿಟ್ಟು ಅಪ್ಪನೇ ಕೇಳಿದ್ರು, ‘ಗ್ಲೆನ್, ಬಚ್ಚಲ ನಲ್ಲೀನೂ ಸರಿ ಇಲ್ಲ ಅಲ್ವಾ?’”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯದೆ ಹಲುಬೆಗೆ ಆತುಕೊಳ್ಳುತ್ತಾರೆ.

ಆ ದಿನಗಳಲ್ಲಿ ಬೇಲಿಯ ಒಳಗಿನ ಕೆಲಸಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಟೆಡ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಗ್ಲೆನಿಸ್ ಗಂಡನ ಮೇಲಂಗಿ ತೊಟ್ಟು, ಟೋಪಿ ಹಣೆಗೆಳೆದು, ಹಲುಬೆ ಹೊತ್ತು ಬಂದರು. ಐದನೇ ರೇಸಿನಲ್ಲಿ ಯಾರೋ ಗುರುತು ಹಿಡಿದರು. ಅಷ್ಟರಲ್ಲಿ ತಿರುವು ಎಷ್ಟು ನುಣ್ಣಗಿತ್ತೆಂದರೆ, ಹೊರಗೆ ಹೋಗಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಟೆಡ್ ಗುಣವಾಗಿ ಬಂದಾಗ ಅವರಿಗೆ ಮೂರನೇ ತಿರುವು ಸಿಕ್ಕಿತು.

ಒಂದು ತಪ್ಪು ಮಾತ್ರ ಗ್ಲೆನಿಸ್ ಅವರಿಂದ ಆಗಿದೆ. ಎಂಬತ್ತಮೂರರ ಗುಡ್ ಫ್ರೈಡೇ, ಕೊನೆಯ ರೇಸು, ಅಂಕ ಸಮ ಸಮ. ಲೆನ್‌ಗೆ ಅದೇ ಕೊನೆಯ ವರ್ಷ. ಅವನಿಗೆ ಬೇಲಿ ಪಕ್ಕದ ದಾರಿ ಇಷ್ಟವೆಂದು ಗ್ಲೆನಿಸ್ ಅಲ್ಲಿ ಮಣ್ಣನ್ನು ಬೇಕೆಂದೇ ದಪ್ಪಗೆ ಬಿಟ್ಟರು. ಮಣ್ಣು ದಪ್ಪಗಿದ್ದರೆ ಚಕ್ರಕ್ಕೆ ಹಿಡಿತ, ಹಿಡಿತವಿದ್ದರೆ ವೇಗ. “ಆ ಪುಣ್ಯಾತ್ಮ ಅವತ್ತೇ ಒಳಗಿನಿಂದ ಹೋಗ್ಬೇಕಾ! ಟಗರುಗಳ ನಾಯಕ ಬಂದ, ನಾನು ಹಾಸಿದ ಹಾಸಿಗೆ ನೋಡಿದ, ಬೇಲಿ ಪಕ್ಕದಿಂದ ಮೂರೂ ಜನರನ್ನ ಸುತ್ಹಾಕ್ಕೊಂಡು ಹೋಗೇಬಿಟ್ಟ. ಟೆಡ್ ಮೂರು ದಿನ ನಕ್ಕ. ಅವತ್ತಿಂದ ನಾಲ್ಕು ಜನಕ್ಕೂ ಒಂದೇ ಮಟ್ಟ. ಯಾರಪ್ಪ ಬಂದು ಕೇಳಿದ್ರೂ ಅಷ್ಟೆ.”

ಈಗ ಏಳೂಮುಕ್ಕಾಲು. ನೆವಿಲ್ ಸೇರಿ ನಾವಿರುವುದು ಆರೇ ಜನ. ನಮ್ಮ ಊರಿನವರು ರಾತ್ರಿಯ ಮಳೆ ಕೇಳಿ, ಈ ವರ್ಷವೂ ಇಲ್ಲ ಎಂದು ಕಂಬಳಿ ಎಳೆದುಕೊಂಡಿದ್ದಾರೆ. ಪೊರಕೆಯಿಂದ ಎಷ್ಟು ನೀರು ತಳ್ಳಿದರೂ ಅಷ್ಟೇ ನೀರು ಮತ್ತೆ ಬಂದು ಕೂರುತ್ತದೆ. ಗ್ಲೆನಿಸ್ ಮುಖದಲ್ಲಿ ನಗು ಇಲ್ಲ.

ಗೇಟಿನ ಹತ್ತಿರ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಕಿಟಕಿಗಳ ತುಂಬ ನೀಲಿ ಬಾವುಟ. ಟಗರುಗಳ ಕಡೆಯವರು! ಮೊದಲೇ ಗೊತ್ತುಮಾಡಿದ ಬಸ್ಸು, ಮಳೆ ಬಂದರೂ ಹೊರಟೇಬಿಟ್ಟಿದೆ. ಮೊದಲು ಇಳಿದವರು ಎಂಬತ್ತು ದಾಟಿದ ವಿಲ್ಫ್ ಬ್ರಾಡ್‌ಬೆಂಟ್. ಎಂಬತ್ತಮೂರರ ಆ ಪಂದ್ಯದ ದಿನ ಇದೇ ಬೇಲಿಯ ಪಕ್ಕ ನಿಂತು ಎಲ್ಲ ಕಂಡವರು.

“ಏನ್ ಹುಡುಗಿ, ಈ ವರ್ಷ ದೋಣಿ ಓಟಾನಾ?” ಎಂದು ಅವರು ಬೇಲಿಯಾಚೆಯಿಂದ ಕೂಗುತ್ತಾರೆ.

ಗ್ಲೆನಿಸ್ ಅರವತ್ತಾರು ವರ್ಷದಿಂದ ಆ ನೀಲಿ ಬಣ್ಣಕ್ಕೆ ಛೀಮಾರಿ ಹಾಕುತ್ತಲೇ ಬಂದವರು. ಮನೆಗೆ ನೀಲಿ ಪರದೆ ತಂದದ್ದಕ್ಕೆ ಸ್ವಂತ ತಂಗಿಯ ಜೊತೆ ಮಾತು ಬಿಟ್ಟಿದ್ದರು. ಆದರೂ ಇವತ್ತು ಬೇಲಿಯ ಹತ್ತಿರ ನಡೆದು ಹೋಗುತ್ತಾರೆ.

“ವಿಲ್ಫ್, ನಿಮ್ಮೋರನ್ನ ಒಳಗೆ ಕರಿ. ಶೆಡ್‌ನಲ್ಲಿ ಪೊರಕೆ ಇದೆ, ಗಾರ್ಡನ್ ಫೋರ್ಕ್ ಇದೆ.”

“ನಾವ್ಯಾಕೆ ನಿಮ್ಮ ಮನೆ ಗುಡಿಸ್ಬೇಕು?”

“ಪಂದ್ಯ ನಡೆದ್ರೆ ತಾನೆ ನೀವು ನಮ್ಮನ್ನ ಸೋಲ್ಸೋದು?”

ವಿಲ್ಫ್ ಗದ್ದ ಕೆರೆಯುತ್ತಾರೆ. “ದಯವಿಟ್ಟು ಅನ್ನು.”

“ಮುದುಕ, ಹೊತ್ತಾಗ್ತಿದೆ.”

“ಅನ್ನು ಮತ್ತೆ.”

“ದಯವಿಟ್ಟು!” ಎಂದು ಗ್ಲೆನಿಸ್ ಕೂಗಿದ ದನಿಗೆ ನೆವಿಲ್ ಟ್ರ್ಯಾಕ್ಟರಿನಿಂದ ಬೀಳುವುದೊಂದು ಬಾಕಿ.

ನಲವತ್ತೆಂಟು ಜನ ನೀಲಿ ಮಫ್ಲರಿನವರು ಎರಡನೇ ತಿರುವಿಗೆ ಇಳಿಯುತ್ತಾರೆ. ಗ್ಲೆನಿಸ್ ಅವರನ್ನು ಸಾಲಾಗಿ ನಿಲ್ಲಿಸಿ ಕೆಲಸ ಹಂಚುತ್ತಾರೆ: ಉದ್ದ ಮುಳ್ಳುಗಳ ಫೋರ್ಕಿನಿಂದ ಗೇಣು ಗೇಣಿಗೆ ಚುಚ್ಚಿ ನೀರು ಇಳಿಸುವವರು, ಪೊರಕೆಯಿಂದ ಒಳಗಿನ ಹುಲ್ಲಿನ ಕಡೆ ತಳ್ಳುವವರು, ಮರದ ಹೊಟ್ಟು ಚೆಲ್ಲಿ ತೇವ ಹೀರಿಸಿ ಮತ್ತೆ ಬಾಚಿ ತೆಗೆಯುವವರು. “ಅಗೀಬೇಡಿ, ಚುಚ್ಚಿ! ಆಲೂಗಡ್ಡೆ ಕೀಳೋಕೆ ಬಂದಿದ್ದೀರಾ?” ಎಂದು ಗದರುತ್ತ ಅವರ ನಡುವೆ ಓಡಾಡುತ್ತಾರೆ. ಯಾರೋ ಮನೆಯಿಂದ ತಂದ ಶಿಲುಬೆ ಗುರುತಿನ ಸಿಹಿ ಬನ್ನುಗಳು ಮಣ್ಣಿನ ಕೈಗಳಲ್ಲೇ ಹಂಚಿಹೋಗುತ್ತವೆ. ಎಂಟೂವರೆಗೆ ಮೋಡ ಸರಿದು ಬಿಸಿಲು ಬೀಳುತ್ತದೆ. ಸುದ್ದಿ ಹೇಗೋ ಹಬ್ಬಿ ನಮ್ಮ ಕಿತ್ತಳೆಯವರೂ ಕಣ್ಣುಜ್ಜಿಕೊಂಡು ಬಂದು ಸೇರಿಕೊಳ್ಳುತ್ತಾರೆ, ಮುಖದಲ್ಲಿ ಒಂದಿಷ್ಟು ನಾಚಿಕೆ.

ಒಂಬತ್ತಕ್ಕೆ ರೆಫರಿ ಬರುತ್ತಾರೆ. ಮೊದಲ ತಿರುವು ನೋಡುತ್ತಾರೆ, ನಾಲ್ಕನೆಯದನ್ನೂ ಮೂರನೆಯದನ್ನೂ ನೋಡುತ್ತಾರೆ, ಎರಡನೆಯದನ್ನು ಕೊನೆಗೆ ಇಟ್ಟುಕೊಂಡು ನಮ್ಮ ಜೀವ ತೆಗೆಯುತ್ತಾರೆ. ಹಿಮ್ಮಡಿ ಊರಿ ಒಂದು ಸಲ ತಿರುಗಿಸುತ್ತಾರೆ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ತಿರುಗಿಸುತ್ತಾರೆ. ಗ್ಲೆನಿಸ್ ಒಂದು ಹಿಡಿ ಮಣ್ಣೆತ್ತಿ ಹಿಸುಕಿ ಅವರ ಅಂಗೈಗೆ ಹಾಕುತ್ತಾರೆ. ಉಂಡೆ ನಿಲ್ಲುತ್ತದೆ. ರೆಫರಿ ಹೆಬ್ಬೆರಳಿಂದ ಒತ್ತುತ್ತಾರೆ. ಒಡೆಯುತ್ತದೆ.

“ಹನ್ನೊಂದಕ್ಕೆ ಶುರು” ಎನ್ನುತ್ತಾರೆ ರೆಫರಿ.

ಆಮೇಲಿನ ಗದ್ದಲವನ್ನು ಬರೆದು ತೋರಿಸುವುದು ನನ್ನಿಂದಾಗದು. ನಾನೂ ಕುಣಿದೆ, ಅಷ್ಟು ಹೇಳಬಲ್ಲೆ.

ಪಂದ್ಯ ಹೇಗಿತ್ತು ಎಂದರೆ, ಹದಿನಾಲ್ಕು ರೇಸು ಮುಗಿದಾಗ ನಲವತ್ತೆರಡು, ನಲವತ್ತೆರಡು. ಪ್ರತಿ ರೇಸಿನ ನಂತರವೂ ಗ್ಲೆನಿಸ್ ಓಡಿ ಬಂದು ಬೇಲಿಯಿಂದ ಒಳಗಿನವರೆಗೂ ಮಣ್ಣೆಳೆದು ಮಟ್ಟ ಮಾಡಿದರು. ಕೊನೆಯ ರೇಸಿಗೆ ಮುಂಚೆ ನಮ್ಮ ಕಡೆಯ ಯಾರೋ “ಗ್ಲೆನ್, ಬೇಲಿ ಕಡೆ ಒಂಚೂರು ಬಿಡು” ಎಂದು ಕೂಗಿದ್ದಕ್ಕೆ ಹಲುಬೆ ಎತ್ತಿ ತೋರಿಸಿದರು. ನಾಲ್ಕೂ ಬೈಕುಗಳು ಭುಜಕ್ಕೆ ಭುಜ ತಾಗಿಸಿ ಎರಡನೇ ತಿರುವಿಗೆ ನುಗ್ಗಿದವು. ಟಗರುಗಳು ಮೊದಲನೆಯವರೂ ಮೂರನೆಯವರೂ ಆದರು. ನಲವತ್ತಾರು, ನಲವತ್ತನಾಲ್ಕು. ಸೋತೆವು.

ಗೆದ್ದವರನ್ನು ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ನಿಲ್ಲಿಸಿ ಮೈದಾನ ಸುತ್ತಿಸುವ ರೂಢಿ. ಗಾಡಿ ಎರಡನೇ ತಿರುವಿಗೆ ಬಂದಾಗ ನೆವಿಲ್ ನಿಲ್ಲಿಸುತ್ತಾರೆ. ಟಗರುಗಳ ನಾಯಕ ಗ್ಲೆನಿಸ್ ಕಡೆ ಕೈ ಚಾಚುತ್ತಾನೆ. ಬೇಲಿಯಿಂದ ವಿಲ್ಫ್, “ಹತ್ತು ಹುಡುಗಿ, ಹತ್ತು!” ಎನ್ನುತ್ತಾರೆ.

“ಆ ನೀಲಿ ಬಾವುಟದ ಕೆಳಗೆ ನಾನಾ? ಸತ್ರೂ ಇಲ್ಲ.”

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮೈದಾನದ ಮಾಲೀಕರು ಹೇಳುತ್ತಾರೆ: ಬರುವ ವರ್ಷದ ಗುಡ್ ಫ್ರೈಡೇ, ಬೆಳಗ್ಗೆ ಹನ್ನೊಂದು, ಕೊಕ್ಕರೆಗಳು ಮತ್ತು ಟಗರುಗಳು. ಕಿತ್ತಳೆಯವರೂ ನೀಲಿಯವರೂ ಒಂದೇ ದನಿಯಲ್ಲಿ ಹೋ ಎನ್ನುತ್ತಾರೆ. ಗ್ಲೆನಿಸ್ ಮಣ್ಣಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

“ಸೋತಿದ್ದಕ್ಕೆ ಅಳ್ತೀಯಾ?” ವಿಲ್ಫ್ ಬಿಡುವುದಿಲ್ಲ.

“ಹೋಗೋ ಮುದುಕ. ಇವತ್ತು ನನ್ನ ಮೂಲೇಲಿ ಇನ್ನೂರ ನಲವತ್ತು ಸಲ ಬೈಕ್ ತಿರುಗ್ತು, ಒಬ್ಬನೂ ಬೀಳ್ಲಿಲ್ಲ. ಅದ್ರಲ್ಲಿ ನೂರಿಪ್ಪತ್ತು ಸಲ ನಿಮ್ಮೋರೇ” ಎಂದು ಗ್ಲೆನಿಸ್ ಮತ್ತೆ ಹಲುಬೆ ಊರುತ್ತಾರೆ. “ಬರೋ ವರ್ಷ ಬಾ. ಆಗ ಅಳೋದು ನೀನು.”